ಉಪ್ಪಿನಕಾಯಿಗೆ ಬೇಕಾದ ಹಗ್ಗ

ದಕ್ಷಿಣ ಧ್ರುವದ ಸಂಶೋಧನಾ ಠಾಣೆ. ಹೊರಗೆ ಹಿಮಗಾಳಿ ಬಾಗಿಲು ಗುದ್ದುತ್ತಿತ್ತು. ಮುಖ್ಯಸ್ಥ ಹಂಪಿಹೊಳಿ ಸಾಹೇಬರು ಊಟದ ತಟ್ಟೆ ತಳ್ಳಿದರು.

"ಉಪ್ಪಿನಕಾಯಿ ಇಲ್ಲದೆ ಅನ್ನ ಹೇಗಯ್ಯಾ ಇಳಿಯುತ್ತೆ? ಹೋಗಿ ಉಗ್ರಾಣದಿಂದ ತಗೊಂಡು ಬಾ."

ಅಡುಗೆಯ ದೂಮಣ್ಣ ಬಾಗಿಲಿನತ್ತ ನೋಡಿದ. ಉಗ್ರಾಣ ಇದ್ದದ್ದು ಅಂಗಳದಾಚೆ. ಈ ಗಾಳಿಯಲ್ಲಿ ದಾರಿ ತಪ್ಪಿದರೆ ಹೆಣ ಸಿಗುವುದೂ ಬೇಸಿಗೆಗೇ.

ಅವನು ಹಗ್ಗ ತಂದ. ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ, ಇನ್ನೊಂದನ್ನು ಸಾಹೇಬರ ಸೊಂಟಕ್ಕೆ ಬಿಗಿದ.

"ಏನೋ ಇದು?"

"ಗಾಳಿಯಲ್ಲಿ ಒಬ್ಬೊಬ್ಬರೇ ಹೋಗಬಾರದು, ಇಬ್ಬರು ಹಗ್ಗ ಕಟ್ಟಿಕೊಂಡೇ ಹೋಗಬೇಕು ಅಂತ ತಮ್ಮದೇ ಅಪ್ಪಣೆಯಲ್ವಾ ಸಾರ್? ಮಾವಿನದೋ ನಿಂಬೆಯದೋ, ತಾವೇ ಆರಿಸಬಹುದು."

ಅಗಳಿ ಸರಿಸಿದ್ದೇ ತಡ, ಗಾಳಿ ನುಗ್ಗಿ ಸಾಹೇಬರ ಮೀಸೆಗೆ ಹಿಮ ಮೆತ್ತಿತು.

"ಮುಚ್ಚೋ ಮಾರಾಯ!"

ದೂಮಣ್ಣ ಬಾಗಿಲು ಹಾಕಿ ಗಂಟು ಬಿಚ್ಚತೊಡಗಿದ. ಸಾಹೇಬರು ಹಲ್ಲು ಕಟಕಟಿಸುತ್ತ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ಬಿಡು, ಉಪ್ಪಿನಕಾಯಿ ಮೈಗೆ ಬಹಳ ಉಷ್ಣ."