ಕೂಸಿನ ಮೊದಲ ಬಟ್ಟೆ

"ಎಡಗೈಯವಳು ಸೂಜಿ ಹಿಡಿದು ಬದುಕುತ್ತಾಳಂತೆ! ನಿನ್ನ ಕೈಲಿ ಆಗದು ಬಿಡು."

ಹೀಗೆಂದವಳು ಓರಗಿತ್ತಿ ತಿಪ್ಪಮ್ಮ. ಗಂಡ ಸತ್ತ ಮೇಲೆ ಈರಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕೂಡುಮನೆಯ ಹೊಸ್ತಿಲು ದಾಟಿ ಹೊರಟ ದಿನ, ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಅಂದಳು.

ಈರಮ್ಮ ತಿರುಗಿ ನೋಡಲಿಲ್ಲ. ಮಾತನ್ನು ಮಾತ್ರ ಮರೆಯಲಿಲ್ಲ.

ಆ ಎಡಗೈಯಲ್ಲೇ ಹೊಲಿದಳು. ಹೊಲಿಗೆ ಯಂತ್ರ ಕೊಂಡಳು, ಮನೆ ಕಟ್ಟಿದಳು. ಅಂಗಡಿಯಿಂದ ಬೆಲ್ಲ ಕಟ್ಟಿ ಬಂದ ಕಾಗದದ ಚೂರು ನೋಡಿಕೊಂಡು ಓದುವುದನ್ನೂ ತಾನೇ ಕಲಿತಳು. ಸಂಜೆಯಾದರೆ ಹೊಳೆದಂಡೆಯ ಆಶ್ರಮಕ್ಕೆ ಹೋಗಿ, ಕಣ್ಣು ಮಂಜಾದ ಗುರುತಾಯಿಗೆ ಪುರಾಣ ಓದುತ್ತಿದ್ದಳು. ಓದುತ್ತ ಓದುತ್ತ ಶಿಷ್ಯೆಯಾದಳು.

ಒಂದು ಸಂಜೆ ಪುಸ್ತಕದ ಬದಲು ಗಂಟೊಂದನ್ನು ಹಿಡಿದು ಬಂದಳು.

"ಏನದು, ಈರಮ್ಮ?"

"ಹುಟ್ಟುವ ಕೂಸಿಗೆ ಹೊಲಿದ ಬಟ್ಟೆ, ತಾಯಿ. ಅಂಗಿ, ಕುಲಾವಿ, ಹೊದಿಕೆ. ಒಂದು ಮಾತು ಹೇಳಿಬಿಡಿ. ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯಬಾರದು ಅನ್ನೋದು ಬರೀ ಮೂಢನಂಬಿಕೆ ತಾನೇ?"

"ಹೊಲಿಯಬಾರದು ಅಂದವರು ಯಾರು?"

"ಚೆಲುವಿ."

ಚೆಲುವಿ ಅವಳ ಮಗಳು. ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತ್ತು. ಆಗಲೂ ಈರಮ್ಮ ಮೊದಲೇ ಹೊಸ ಬಟ್ಟೆ ಹೊಲಿದಿಟ್ಟಿದ್ದಳು. ಅದಕ್ಕೇ ಹೀಗಾಯಿತು ಎಂದು ಬೀದಿ ಆಡಿಕೊಂಡಿತು. ಆ ಮಾತು ಎದ್ದದ್ದು ತಿಪ್ಪಮ್ಮನ ಬಾಯಿಂದಲೇ ಎಂದು ಈರಮ್ಮನ ಗುಮಾನಿ.

ಈ ಸಲ ಗಂಟು ನೋಡಿದ ಚೆಲುವಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. "ಹಳೇ ಬಟ್ಟೆ ತಾ ಅವ್ವಾ. ಇಲ್ಲಾಂದ್ರೆ ನಾನಿಲ್ಲಿ ಹೆರಲ್ಲ. ಗಾಡಿ ಕಟ್ಟಿಸು, ಅತ್ತೆ ಮನೆಗೆ ಹೋಗ್ತೀನಿ" ಎಂದಳು.

ಕೂಸು ಈ ಮನೆಯಲ್ಲಿ ಹುಟ್ಟಬೇಕು. ತಾನು ಕಟ್ಟಿದ ಸೂರಿನ ಕೆಳಗೆ ಅಳಬೇಕು. ಈರಮ್ಮನಿಗೆ ಬೇಕಾದದ್ದು ಅದೊಂದೇ.

ಗುರುತಾಯಿ ಗಂಟು ಬಿಚ್ಚಿದಳು. ಅಂಗಿಯನ್ನು ಬೆರಳಲ್ಲಿ ತಡವಿದಳು.

"ಕಣ್ಣು ಮುಚ್ಚು" ಎಂದಳು.

ಈರಮ್ಮ ಮುಚ್ಚಿದಳು. ತಾಯಿ ಅಂಗಿಯ ಮಡಿಕೆ ಹೊಲಿಗೆಯನ್ನು ಅವಳ ರೆಪ್ಪೆಯ ಮೇಲೆ ಮೆಲ್ಲಗೆ ಎಳೆದಳು.

"ಹಾ!"

"ಏನಾಯಿತು?"

"ಹೊಸ ಬಟ್ಟೆ. ಗಂಜಿ ಇನ್ನೂ ಬಿಟ್ಟಿಲ್ಲ. ಚುಚ್ಚಿತು."

"ಹುಟ್ಟಿದ ಕೂಸಿಗೆ ಮೈಯೆಲ್ಲ ರೆಪ್ಪೆ. ಸತ್ತ ಕೂಸು ಬಟ್ಟೆಯಿಂದ ಸಾಯಲಿಲ್ಲ, ಈರಮ್ಮ. ಆದರೆ ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಉಟ್ಟು ಒಗೆದು ಸವೆದ ಒಂದು ಸೀರೆ ತೆಗೆದುಕೋ."

"ನನ್ನ ಹತ್ತಿರ ಹಳೇದು ಒಂದೂ ಇಲ್ಲ ತಾಯಿ. ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗಲೆಲ್ಲ ಕೊಟ್ಟುಬಿಟ್ಟೆ. ಹಳೇ ಸೀರೆ ಕಣ್ಣಿಗೆ ಬಿದ್ದರೆ ಹಳೇದೆಲ್ಲ ನೆನಪಾಗುತ್ತೆ. ಈಗ ಅಟ್ಟದ ತುಂಬ ಪಾತ್ರೆ."

"ಹಾಗಾದರೆ ಕೂಸನ್ನು ಪಾತ್ರೆಯಲ್ಲೇ ಸುತ್ತು."

ಈರಮ್ಮನಿಗೆ ನಗು ಬರಲಿಲ್ಲ. "ನಿಮ್ಮದೇ ಒಂದು ಹಳೇ ಸೀರೆ ಕೊಡಿ."

"ಎಲ್ಲ ಬಿಟ್ಟು ಬಂದವಳ ಸೀರೆ, ಈಗಷ್ಟೇ ಬರುತ್ತಿರುವ ಕೂಸಿಗೆ ಯಾಕೆ? ಮಕ್ಕಳುಮರಿ ಆಡಿದ ಮನೆಗೆ ಹೋಗಿ ಕೇಳು."

"ಕೇಳಬೇಕೇ? ಈ ಕೈ ಇವತ್ತಿನ ತನಕ ಯಾರ ಮುಂದೆಯೂ ಚಾಚಿಲ್ಲ."

"ಅದಕ್ಕೇ ಕೂಸಿಗೆ ಬಟ್ಟೆಯಿಲ್ಲ."

ಮಾರನೆಯ ದಿನ ಈರಮ್ಮ ಬೀದಿಗಿಳಿದಳು. ಸಂಜೆ ಬರಿಗೈಯಲ್ಲಿ ಆಶ್ರಮಕ್ಕೆ ಬಂದಳು.

"ಯಾರೂ ಕೊಡಲಿಲ್ಲವೇ?"

"ನಾನೇ ಕೇಳಲಿಲ್ಲ. ಎದುರುಮನೆಯವಳಿಗೆ ನನ್ನ ಮನೆಯ ಮೇಲೇ ಕಣ್ಣು. ಅವಳ ಬಟ್ಟೆಯ ಜೊತೆ ಆ ಕಣ್ಣೂ ಬರುತ್ತೆ. ಪಕ್ಕದವಳು ಚಿಂದಿ ಕೊಟ್ಟರೂ ಸಾಯುವ ತನಕ ಹೇಳಿಕೊಂಡು ತಿರುಗುತ್ತಾಳೆ. ಗೌಡರ ಮನೆಯಾಕೆ ನನ್ನನ್ನು ನೋಡಿ ನಕ್ಕಳು. ಯಾಕೆ ನಕ್ಕಳು?"

"ಅನುಮಾನವಿಲ್ಲದ ಮನೆ ಒಂದೂ ಸಿಗಲಿಲ್ಲ."

"ಒಂದೂ ಇಲ್ಲ."

"ಎಲ್ಲರಿಗಿಂತ ಹೆಚ್ಚು ಅನುಮಾನ ಯಾರ ಮೇಲೆ?"

"ಕೇಳಬೇಕೇ? ತಿಪ್ಪಮ್ಮನ ಮೇಲೆ."

"ಹಾಗಾದರೆ ಅಲ್ಲಿಗೇ ಹೋಗು. ಉಳಿದವರ ಬಟ್ಟೆ ತಂದರೆ ಹೌದೋ ಅಲ್ಲವೋ ಎಂದು ಕೊರಗುತ್ತೀ. ಅವಳ ವಿಷಯದಲ್ಲಿ ನಿನಗೆ ಆ ಕಷ್ಟವಿಲ್ಲ."

ಈರಮ್ಮ ತಾಯಿಯ ಮುಖವನ್ನೇ ದಿಟ್ಟಿಸಿದಳು. "ತಿಪ್ಪಮ್ಮ ಇಲ್ಲಿಗೆ ಬಂದಿದ್ದಳಾ?"

"ಬಂದಿದ್ದರೆ?"

"ನನ್ನ ಮೇಲೆ ಏನು ಹೇಳಿದಳು?"

"ನೀನು ಇಲ್ಲಿ ಕೂತು ಅವಳ ಮೇಲೆ ಹೇಳುವುದನ್ನು ಅವಳಿಗೆ ಹೇಳಲೇ?"

ಈರಮ್ಮ ಎದ್ದು ಹೋದಳು. ದಾರಿಯುದ್ದಕ್ಕೂ ಗುರುವಿನ ಮೇಲೂ ಒಂದು ಅನುಮಾನ ಜೊತೆಗೆ ನಡೆದು ಬಂತು.

ಮನೆಯಲ್ಲಿ ಚೆಲುವಿ ಇನ್ನೂ ಗೋಡೆಯ ಕಡೆಗೇ ತಿರುಗಿದ್ದಳು. ಅವಳ ಬಟ್ಟೆಯ ಚೀಲ ಬಾಗಿಲ ಬಳಿ ಕಟ್ಟಿ ಕೂತಿತ್ತು.

ಬೆಳಗಾದ ಮೇಲೆ ಈರಮ್ಮ ಕೂಡುಮನೆಯ ಬಾಗಿಲಲ್ಲಿ ನಿಂತಳು. ಹೊಸ್ತಿಲು ಮಾತ್ರ ದಾಟಲಿಲ್ಲ. ತಿಪ್ಪಮ್ಮ ಮುದುಕಿಯಾಗಿದ್ದಳು. ಮೊರದಲ್ಲಿ ರಾಗಿ ಕೇರುತ್ತಿದ್ದವಳು ತಲೆಯೆತ್ತಿದಳು.

"ಓಹೋ. ದಾರಿ ತಪ್ಪಿ ಬಂದೆಯೇನೇ?"

"ಇಲ್ಲಕ್ಕ. ಕೂಸಿಗೆ ಒಂದು ಹಳೇ ಸೀರೆ ಬೇಕಿತ್ತು."

"ಅಷ್ಟು ದೊಡ್ಡ ಮನೆ ಕಟ್ಟಿದವಳಿಗೆ ಒಂದು ಹಳೇ ಸೀರೆ ಇಲ್ಲವಾ?"

"ಇಲ್ಲ."

ತಿಪ್ಪಮ್ಮ ಮೊರ ಕೆಳಗಿಟ್ಟಳು. ಒಳಗೆ ಹೋಗಿ, ಹೋದಷ್ಟೇ ಬೇಗ ಹೊರಗೆ ಬಂದಳು. ಕೈಯಲ್ಲಿ ಮಡಿಸಿದ ಸೀರೆ, ಹುಳು ಬೀಳದಿರಲೆಂದು ಒಳಗಿಟ್ಟ ಬೇವಿನ ಎಲೆ ಅದರಿಂದ ಉದುರುತ್ತಿತ್ತು.

"ತಗೋ. ನೀನು ಬಾಯಿ ಬಿಟ್ಟು ಕೇಳೋದನ್ನ ನೋಡಿದೆನಲ್ಲ, ಸಾಕು."

ಮನೆಗೆ ಬರುವಷ್ಟರಲ್ಲಿ ಈರಮ್ಮನ ಎದೆಯಲ್ಲಿ ಒಂದೇ ಪ್ರಶ್ನೆ ಬಡಿಯುತ್ತಿತ್ತು. ತಿಪ್ಪಮ್ಮ ಹುಡುಕಲಿಲ್ಲ, ಯೋಚಿಸಲಿಲ್ಲ. ಮೊದಲೇ ತೆಗೆದಿಟ್ಟವಳ ಹಾಗೆ ತಂದುಕೊಟ್ಟಳು. ಯಾಕೆ?

ಸೀರೆಯನ್ನು ಬಿಸಿಲಿಗೆ ಹಿಡಿದು ಸೆರಗಿನಿಂದ ತುದಿಯವರೆಗೆ ನೋಡಿದಳು. ಮೂಸಿದಳು. ಅಂಚನ್ನು ಹಿಸುಕಿದಳು. ನಡುವೆ ಒಂದು ಕಡೆ ಕೈ ನಿಂತಿತು.

ಆ ಸಂಜೆ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಆಶ್ರಮಕ್ಕೆ ಬಂದಳು.

"ನಾನು ಅಂದುಕೊಂಡದ್ದೇ ಆಯಿತು ತಾಯಿ! ಬಿಳಿ ಸೀರೆಗೆ ಕರಿ ದಾರ. ಸೊಟ್ಟ ಸೊಟ್ಟ ಹೊಲಿಗೆ, ಅದೂ ಉಲ್ಟಾ. ಯಾರಾದರೂ ಹೀಗೆ ತೇಪೆ ಹಾಕುತ್ತಾರಾ? ಏನೋ ಮಾಟ ಮಾಡಿ ಹೊಲಿಸಿದ್ದಾಳೆ. ಹೊಳೆಗೆ ಬಿಡಲಾ, ಸುಡಲಾ, ಹೇಳಿ."

"ಇಲ್ಲಿ ಕೊಡು."

ತಾಯಿ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ತೇಪೆಯ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಸೂಜಿ ದಾರ ಇದೆಯೇ?"

ದರ್ಜಿಯ ರವಿಕೆಯಲ್ಲಿ ಸೂಜಿ ಯಾವಾಗಲೂ ಇರುತ್ತದೆ. ಈರಮ್ಮ ತೆಗೆದಳು.

"ಆ ತೇಪೆಯ ಪಕ್ಕದಲ್ಲಿ ನೀನೂ ಒಂದಿಷ್ಟು ಹೊಲಿ. ಯಂತ್ರವಿಲ್ಲದೆ, ಕೈಯಲ್ಲಿ."

"ಮಾಟದ ಬಟ್ಟೆಗಾ?"

"ಹೊಲಿ."

ಈರಮ್ಮ ಎಡಗೈಯಲ್ಲಿ ಸೂಜಿ ಹಿಡಿದು ಹೊಲಿದಳು. ತಾಯಿ ಅವಳ ಬೆರಳನ್ನು ಹಿಡಿದು ಮೊದಲು ಹೊಸ ಹೊಲಿಗೆಯ ಮೇಲೆ, ಆಮೇಲೆ ಹಳೆಯದರ ಮೇಲೆ ಇಟ್ಟಳು.

ಎರಡೂ ಒಂದೇ ಕಡೆಗೆ ವಾಲಿದ್ದವು. ಊರಿನ ಉಳಿದೆಲ್ಲ ಹೊಲಿಗೆಗಳು ವಾಲುವ ಕಡೆಗಲ್ಲ.

ಈರಮ್ಮ ಬಗ್ಗಿ ನೋಡಿದಳು. ಸೀರೆಯನ್ನು ಬೆಳಕಿಗೆ ಎಳೆದು ಮತ್ತೆ ನೋಡಿದಳು.

ಒಲೆಯ ಕಿಡಿ ಹಾರಿ ತಿಪ್ಪಮ್ಮನ ಸೀರೆ ತೂತಾದ ದಿನ ನೆನಪಾಯಿತು. ಆಗಿನ್ನೂ ಈರಮ್ಮ ಆ ಮನೆಯ ಕಿರಿ ಸೊಸೆ, ಸೂಜಿ ಹಿಡಿದದ್ದು ಅದೇ ಮೊದಲು. ಮನೆಯಲ್ಲಿದ್ದದ್ದು ಕರಿ ದಾರ ಒಂದೇ. ತೇಪೆ ನೋಡಿ ತಿಪ್ಪಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ನನ್ನದು" ಎಂದಳು ಈರಮ್ಮ.

"ದರ್ಜಿ ನೀನು. ಇನ್ನೂ ಏನು ಕಾಣುತ್ತದೆ, ಹೇಳು."

"ತೇಪೆಯ ಬಟ್ಟೆಯೂ ಸೀರೆಯಷ್ಟೇ ಸವೆದಿದೆ."

"ಅಂದರೆ?"

"ತೇಪೆ ಹಾಕಿದ ಮೇಲೂ ಉಟ್ಟಿದ್ದಾಳೆ. ವರ್ಷಗಟ್ಟಲೆ ಉಟ್ಟಿದ್ದಾಳೆ."

ಹೊಳೆಯ ಕಡೆಯಿಂದ ಗಾಳಿ ಬಂತು. ಈರಮ್ಮ ಸೀರೆಯ ಮೇಲೆ ಕೈಯೂರಿ ಹಿಡಿದಳು. ಮೊಗದ ಬಿಗಿ ಮಾತ್ರ ಸಡಿಲವಾಗಲಿಲ್ಲ.

"ಆದರೆ ಯಾಕೆ ಇಟ್ಟುಕೊಂಡಳು? ಯಾವತ್ತಾದರೂ ನನ್ನ ಮುಂದೆ ಹಿಡಿದು ಆಡಿಕೊಳ್ಳೋಣ ಅಂತ ಇರಬೇಕು."

"ಇರಬಹುದು."

"ನನ್ನ ಕೈಲಿ ಆಗದು ಅಂದದ್ದು ಸುಳ್ಳೇ? ಬೀದಿಯೆಲ್ಲ ಕೇಳಿದೆ."

"ಅಂದದ್ದೂ ನಿಜ. ಉಟ್ಟದ್ದೂ ನಿಜ."

"ನಾನು ಯಾವುದನ್ನು ನಂಬಲಿ?"

"ಕೂಸಿಗೆ ಮೆತ್ತಗಿರುವುದು ಯಾವುದು?"

ಈರಮ್ಮ ಸೀರೆಯ ತುದಿಯನ್ನು ತನ್ನ ರೆಪ್ಪೆಯ ಮೇಲೆ ತಾನೇ ಎಳೆದುಕೊಂಡಳು. ಚುಚ್ಚಲಿಲ್ಲ.

ಸೊಂಟದ ಚೀಲದಿಂದ ಕತ್ತರಿ ತೆಗೆದಳು. ಅಳತೆಗೆ ಮಡಿಸಿದಳು. ಕತ್ತರಿ ಬಾಯಿ ತೆರೆಯಿತು, ಅಲ್ಲೇ ನಿಂತಿತು.

"ತಾಯಿ, ಆ ಒಂದು ಮಾತಿನ ಸಿಟ್ಟಿನ ಮೇಲೇ ನಾನು ಯಂತ್ರ ಕೊಂಡೆ, ಮನೆ ಕಟ್ಟಿದೆ, ಓದು ಕಲಿತೆ. ಬೆಳಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಅವಳ ಮುಖ. ಈ ಸೀರೆಯಲ್ಲಿ ಕೂಸನ್ನು ಸುತ್ತಿದ ಮೇಲೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಏಳಲಿ?"

ಗುರುತಾಯಿ ಅಂದಿನಿಂದ ಆಶ್ರಮದಲ್ಲೇ ಉಳಿದಿದ್ದ ಹೊಸ ಬಟ್ಟೆಯ ಗಂಟನ್ನು ಮೊದಲಿನಂತೆ ಕಟ್ಟಿ ಅವಳ ಮುಂದೆ ಸರಿಸಿದಳು.

"ನಿನಗೀಗ ಒಂದು ಹಳೇ ಸೀರೆ ಇದೆ, ಈರಮ್ಮ. ಅದಕ್ಕೆ ನೀನು ತೆತ್ತದ್ದು ಇಷ್ಟು ವರ್ಷ ಸಾಕಿದ ಒಬ್ಬ ವೈರಿಯನ್ನು. ದುಬಾರಿಯಾಯಿತು ಅನ್ನಿಸಿದರೆ, ಕತ್ತರಿ ಹಾಕುವ ಮೊದಲೇ ವಾಪಸು ಕೊಟ್ಟು ಬಾ."