ಹೊದಿಕೆಯ ಒಳಪುಟದ ತಿದ್ದುಪಡಿ

ಒಂದು ಊರಿನಿಂದ ವೈದ್ಯರಿಗಾಗಿಯೇ ಒಂದು ವಿಜ್ಞಾನ ಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕರು ಶಾಂತವೀರಪ್ಪನವರು. ಪತ್ರಿಕೆಯ ಮರ್ಯಾದೆ ಎಂದರೆ ಅವರಿಗೆ ಪ್ರಾಣ.

ಒಮ್ಮೆ ಮಕ್ಕಳ ಸೋಂಕಿಗೆ ಕೊಡುವ ಚುಚ್ಚುಮದ್ದಿನ ಬಗ್ಗೆ ಒಂದು ಲೇಖನ ಮೊದಲ ಪುಟದಲ್ಲೇ ಬಂತು. ಅದರಲ್ಲಿ ಹೇಳಿದ ಪ್ರಮಾಣ ತೀರಾ ಹೆಚ್ಚಾಯಿತೆಂದು ಆಮೇಲೆ ಗೊತ್ತಾಗಿ ಲೇಖಕರೇ ತಿದ್ದುಪಡಿ ಕಳಿಸಿದರು.

“ಇದನ್ನೂ ಮೊದಲ ಪುಟದಲ್ಲೇ ಹಾಕೋಣ ಸರ್,” ಎಂದಳು ಸಂಪಾದಕರ ಶಿಷ್ಯೆ ಮಂದಾಕಿನಿ.

“ಮನೆ ಕಸಾನ ಯಾರಾದ್ರೂ ಬಾಗಿಲ ಮುಂದೆ ಇಟ್ಕೋತಾರೇನಮ್ಮಾ? ಪತ್ರಿಕೆಯ ಹಿಂದಿನ ಹೊದಿಕೆ ಹಾಳೆಯ ಒಳಗಡೆ ಹಾಕು. ಬೇಕಾದೋರು ನೋಡ್ಕೋತಾರೆ.”

ಜಾಹೀರಾತಿನ ಕೆಳಗೆ, ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಅಚ್ಚಾಯಿತು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಂಪಾದಕರು ನೆಮ್ಮದಿಯಾಗಿದ್ದರು. ಇಂಥ ನೆಮ್ಮದಿ ದೊಡ್ಡವರಿಗೆ ಬೇಗ ಸಿಗುತ್ತದೆ.

ಕೆಲವು ವರ್ಷಗಳ ನಂತರ ದೂರದ ತಾಲ್ಲೂಕು ಆಸ್ಪತ್ರೆಯಿಂದ ಡಾಕ್ಟರ್ ಮೌನೇಶ ಪತ್ರಿಕೆಯ ಕಚೇರಿಗೆ ಬಂದರು. ಗ್ರಂಥಾಲಯದವರು ಬೈಂಡ್ ಮಾಡಿಸಿದ ಆ ವರ್ಷದ ಸಂಪುಟ ಅವರ ಕೈಯಲ್ಲಿತ್ತು.

“ಇದರಲ್ಲಿರೋ ಲೇಖನ ನೋಡೇ ಚುಚ್ಚುಮದ್ದು ಕೊಟ್ಟೆ ಸರ್. ಪುಟ್ಟ ಹುಡುಗಿ. ಜೀವ ಉಳೀತು, ಪ್ರಮಾಣ ಹೆಚ್ಚಾಗಿ ಕಿವಿ ಹೋಯ್ತು.”

“ತಿದ್ದುಪಡಿ ಹಾಕಿದ್ವಲ್ಲ ಡಾಕ್ಟ್ರೇ, ನೀವು ನೋಡ್ಬೇಕಿತ್ತು,” ಎನ್ನುತ್ತ ಸಂಪಾದಕರು ಸಂಪುಟ ತಿರುವಿದರು. ಮತ್ತೆ ತಿರುವಿದರು. ಸಂಚಿಕೆಗಳೆಲ್ಲ ಇದ್ದವು, ತಿದ್ದುಪಡಿ ಮಾತ್ರ ಇರಲಿಲ್ಲ.

ಮಂದಾಕಿನಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಹೊದಿಕೆ ಹಾಳೆಗಳೇ ಇಲ್ಲ ಸರ್. ಬೈಂಡ್ ಮಾಡೋವಾಗ ಕಿತ್ತು ಹಾಕಿದಾರೆ.”

“ಎಲ್ಲಾ ಕಡೆ ಹಾಗೇ ಮಾಡೋದು,” ಎಂದರು ಮೌನೇಶ.

ಶಾಂತವೀರಪ್ಪನವರು ಡಾಕ್ಟರ ಜೊತೆ ಆ ಹುಡುಗಿಯ ಮನೆಗೆ ಹೋದರು. ಅವಳೆದುರು ನೆಲದ ಮೇಲೆ ಕೂತು, “ತಪ್ಪಾಯ್ತು ತಾಯಿ, ಕ್ಷಮಿಸು,” ಎಂದರು. ಹುಡುಗಿ ಅವರ ತುಟಿಗಳನ್ನೇ ನೋಡಿದಳು. ಏನೂ ಕೇಳಿಸದೆ ನಕ್ಕಳು. ಅವರಿಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ತಿದ್ದುಪಡಿ ದಪ್ಪ ಅಕ್ಷರದಲ್ಲಿ ಬಂತು. ಅದನ್ನು ಅಡಗಿಸಿಟ್ಟವನು ತಾನೇ ಎಂದು ಬರೆದು ಸಂಪಾದಕರು ಕೆಳಗೆ ಸಹಿ ಹಾಕಿದ್ದರು. ಹಳೆಯ ಲೇಖನದ ಮೇಲೆಯೇ ಅಂಟಿಸಬೇಕಾದ ಚೀಟಿಗಳು ಪ್ರತಿ ಗ್ರಂಥಾಲಯಕ್ಕೂ ಹೋದವು.

“ಪತ್ರಿಕೆಯ ಮರ್ಯಾದೆ ಏನಾಗಬೇಕು?” ಎಂದು ಆಡಳಿತ ಮಂಡಳಿಯವರು ಕೇಳಿದರು.

“ಅದನ್ನ ಉಳಿಸೋಕೆ ಹೋಗಿ ಒಂದು ಮಗುವಿನ ಕಿವಿ ಕಳೆದೆ. ನನ್ನ ಕ್ಷಮೆ ಕೂಡ ಆ ಮಗುವಿಗೆ ಕೇಳಿಸಲಿಲ್ಲ,” ಎಂದರು ಸಂಪಾದಕರು.

ನೀತಿ: ತಪ್ಪು ಎಲ್ಲಿ ಕಂಡಿತೋ ತಿದ್ದುಪಡಿಯೂ ಅಲ್ಲೇ ಕಾಣಬೇಕು. ಯಾರ ಕಣ್ಣಿಗೂ ಬೀಳದಂತೆ ಹೇಳಿದ ಸತ್ಯ, ಹೇಳದೇ ಇದ್ದ ಹಾಗೆಯೇ.