ಬೋರಲಾದ ಚಪ್ಪಲಿ

ಆಸ್ಪತ್ರೆಯ ಒಂಟಿ ಕೋಣೆಯ ಬಾಗಿಲಾಚೆ ನೀಲಮ್ಮನ ಎಡಗಾಲಿನ ಹೊಸ ಚಪ್ಪಲಿ ಹದಿನೆಂಟು ದಿನಗಳಿಂದ ಕಾದಿತ್ತು. ಅವಳು ಅದನ್ನು ಮೆಟ್ಟಿದ್ದು ಒಂದೇ ದಿನ, ಇಲ್ಲಿಗೆ ಬಂದ ದಿನ. ಅಂದೇ ಅದು ಅವಳ ಹಿಮ್ಮಡಿ ಕಚ್ಚಿತ್ತು. ಆದರೂ ಆ ಪಾದದ ಬಿಸುಪನ್ನು ಅದಕ್ಕೆ ಮರೆಯಲಾಗಿರಲಿಲ್ಲ.

ದಿನಾ ಬೆಳಿಗ್ಗೆ ಅವಳ ರಕ್ತ ತುಂಬಿಕೊಂಡು ಒಂದು ಸೀಸೆ ಹೊರಗೆ ಬರುತ್ತಿತ್ತು.

"ಬಿಳಿ ಕಣ ಎಷ್ಟಾಯಿತು?" ಎಂದು ಒಂದು ದಿನ ಚಪ್ಪಲಿ ಸೀಸೆಯನ್ನು ಕೇಳಿತು.

"ಇನ್ನೂರು. ಸಾವಿರವಾಗದೆ ಅವಳು ಹೊಸ್ತಿಲು ದಾಟುವಂತಿಲ್ಲ."

"ದಾಟಿದರೆ?"

"ರೋಗ ತಡೆಯುವ ಕಾವಲಿಲ್ಲದ ಮೈ ಅದು. ನಿನ್ನಂಥವರು ಚರ್ಮ ತರಚಿದರೂ ಸಾಕು, ಜೀವಕ್ಕೇ ಕುತ್ತು."



ಅಂದು ಮಧ್ಯಾಹ್ನ ಬಾಗಿಲು ಮೆಲ್ಲಗೆ ತೆರೆಯಿತು. ನೀಲಮ್ಮ ಅತ್ತಿತ್ತ ನೋಡಿ, "ಸಾಕಾಗಿಹೋಯ್ತು, ಒಂದು ಗಳಿಗೆ ಬಿಸಿಲಿಗಾದರೂ ಹೋಗಿ ಬರ್ತೀನಿ" ಎನ್ನುತ್ತ ಕಾಲು ಚಾಚಿದಳು. ಇಷ್ಟು ದಿನ ಬಯಸಿದ ಪಾದ ಈಗ ಗೇಣು ದೂರದಲ್ಲಿತ್ತು.  ಚಪ್ಪಲಿ ತಾನಾಗಿಯೇ ಮಗುಚಿ ಬೋರಲು ಬಿದ್ದಿತು.

"ಅಯ್ಯೋ, ಹೊರಡೋ ಹೊತ್ತಿಗೆ ಚಪ್ಪಲಿ ಬೋರಲು! ಶಕುನ ಸರಿಯಿಲ್ಲ" ಎಂದು ನೀಲಮ್ಮ ಕಾಲು ಹಿಂದೆಗೆದು ಬಾಗಿಲು ಹಾಕಿಕೊಂಡಳು.

ಮರುದಿನ ಹೊರಗೆ ಬಂದ ಸೀಸೆಗೆ ಆಶ್ಚರ್ಯ. "ಅಷ್ಟು ಹಂಬಲಿಸಿದ ನೀನೇ ಅವಳನ್ನು ಒಳಗೆ ಕಳಿಸಿದೆಯಂತೆ?"

"ಇವತ್ತು ಎಷ್ಟು, ಅದನ್ನು ಹೇಳು."

"ಇನ್ನೂರ ನಲವತ್ತು."

"ಹಾಗಾದರೆ ನಾನು ಹೀಗೇ ಇರುತ್ತೇನೆ" ಎಂದಿತು ಚಪ್ಪಲಿ, ನೆಲಕ್ಕೆ ಮುಖ ಒತ್ತಿಕೊಂಡೇ.